ಮುಂಬಯಿಯಲ್ಲಿ ಕನೆಕ್ಟಿಂಗ್ ಫ್ಲೈಟ್ ತಪ್ಪಿತೇ? ಕೌಂಟರ್ ಬಿಟ್ಟು ಹೋಗುವ ಮೊದಲು ಇದನ್ನು ಓದಿ

ಕಳೆದ ವರ್ಷ ಜುಲೈಯಲ್ಲಿ ನನ್ನ ಅಕ್ಕ ಕುವೈಟ್‌ನಿಂದ ಮುಂಬಯಿ ಮೇಲೆ ಮಂಗಳೂರಿಗೆ ಬರುವವಳಿದ್ದಳು. ಜೊತೆಗೆ ಇಬ್ಬರು ಮಕ್ಕಳು, ಚಿಕ್ಕವನಿಗೆ ನಾಲ್ಕು ವರ್ಷ. ಕುವೈಟ್‌ನಲ್ಲಿ ವಿಮಾನ ಹೊರಟದ್ದೇ ಮೂರು ಗಂಟೆ ತಡವಾಗಿ. ಮುಂಬಯಿಯಲ್ಲಿ ಇಮಿಗ್ರೇಶನ್ ಮುಗಿಸಿ, ನಾಲ್ಕು ಪೆಟ್ಟಿಗೆ ಎಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಮಂಗಳೂರಿನ ಫ್ಲೈಟ್ ಹಾರಿ ಹೋಗಿತ್ತು. ಕೌಂಟರ್‌ನಲ್ಲಿ ಕೇಳಿದರೆ, "ನಿಮ್ಮದು ಬೇರೆ ಬೇರೆ ಟಿಕೆಟ್ ಮೇಡಂ, ನಮ್ಮ ಲೆಕ್ಕದಲ್ಲಿ ನೀವು ನೋ-ಶೋ, ಹೊಸ ಟಿಕೆಟ್ ತೆಗೆದುಕೊಳ್ಳಿ" ಅಂದರು. ನೋ-ಶೋ ಅಂದರೆ ಟಿಕೆಟ್ ಇದ್ದೂ ಹತ್ತಲು ಬಾರದವರು.

ಇತ್ತ ಅಪ್ಪ ಕಟಪಾಡಿಯಿಂದ ಕಾರು ಮಾಡಿಕೊಂಡು ಬಜಪೆಗೆ, ಅಂದರೆ ಮಂಗಳೂರು ಏರ್‌ಪೋರ್ಟಿಗೆ ಬಂದು ಕಾಯುತ್ತಿದ್ದರು. ಅಕ್ಕ ಅಲ್ಲಿಂದ ಅಳುತ್ತಾ ಫೋನ್ ಮಾಡಿದಳು. ನನಗೂ ಆಗ ಏನೂ ಗೊತ್ತಿರಲಿಲ್ಲ. "ಎಂತ ಮಾಡುವುದು, ಹೊಸ ಟಿಕೆಟ್ ತೆಗಿ" ಅಂದೆ. ಮೂವರಿಗೆ ₹27,000 ಚಿಲ್ಲರೆ ಹೋಯಿತು.

ಆಮೇಲೆ ಕೂತು ನಿಯಮಗಳನ್ನೆಲ್ಲ ಓದಿದೆ. ಓದಿದ್ದನ್ನು, ಆಮೇಲೆ ನನಗೇ ಆದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಮನೆಗೊಬ್ಬರು ಹೊರದೇಶದಲ್ಲಿ ಇದ್ದಾರೆ ಅಲ್ವಾ, ಬಜಪೆಯಿಂದ ನೇರ ವಿಮಾನ ಎಲ್ಲ ಊರಿಗೂ ಇಲ್ಲ, ಹಾಗಾಗಿ ಮುಂಬಯಿಯೋ ಬೆಂಗಳೂರೋ ದುಬೈಯೋ ಎಲ್ಲಾದರೂ ಒಂದು ಕಡೆ ಇಳಿದು ಹತ್ತುವುದು ನಮಗೆ ತಪ್ಪಿದ್ದಲ್ಲ.

ಮೊದಲು ಟಿಕೆಟ್ ತೆಗೆದು ನೋಡಿ. ಈಗಲೇ, ಪ್ರಯಾಣಕ್ಕೆ ಇನ್ನೂ ಎರಡು ತಿಂಗಳಿದ್ದರೂ ಪರವಾಗಿಲ್ಲ. ಅಕ್ಕನಿಗೆ ಏಜೆಂಟ್ ಕೊಟ್ಟದ್ದು ಒಂದೇ ಹಾಳೆ. ಮೇಲೆ ಅವಳ ಹೆಸರು, ಕೆಳಗೆ ಕುವೈಟ್–ಮುಂಬಯಿ ಒಂದು ಸಾಲು, ಮುಂಬಯಿ–ಮಂಗಳೂರು ಇನ್ನೊಂದು ಸಾಲು, ಕೊನೆಯಲ್ಲಿ ಒಟ್ಟು ಮೊತ್ತ. ಯಾರು ನೋಡಿದರೂ ಒಂದೇ ಟಿಕೆಟ್ ಅಂತಲೇ ಹೇಳುತ್ತಾರೆ. ಆದರೆ ಪ್ರತಿ ಸಾಲಿನ ಬಲ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಆರು ಅಕ್ಷರದ ಪಿಎನ್‌ಆರ್ ಇತ್ತು, ಎರಡೂ ಬೇರೆ ಬೇರೆ. ಟಿಕೆಟ್ ನಂಬರ್ ಅಂತ 13 ಅಂಕಿಯದ್ದು ಇರುತ್ತದೆ, ಅದರ ಮೊದಲ ಮೂರು ಅಂಕಿ ವಿಮಾನ ಕಂಪನಿಯ ಗುರುತು. ಅದು ಕೂಡ ಎರಡಿತ್ತು. ಅಂದರೆ ಕಾನೂನಿನ ಕಣ್ಣಿಗೆ ಅವಳದು ಎರಡು ಬೇರೆ ಪ್ರಯಾಣ. ಮೊದಲನೆಯದು ತಡವಾದರೆ ಎರಡನೆಯ ಕಂಪನಿಗೆ ಸಂಬಂಧವಿಲ್ಲ.

ಇಡೀ ವಿಷಯದ ತಾಯಿಬೇರು ಇಲ್ಲಿದೆ. ಎರಡೂ ಹಾರಾಟ ಒಂದೇ ಟಿಕೆಟ್ ನಂಬರಿನಲ್ಲಿದ್ದರೆ ನಿಮ್ಮನ್ನು ಕೊನೆಯ ಊರಿಗೆ ಮುಟ್ಟಿಸುವುದು ಕಂಪನಿಯ ಹೊಣೆ. ಕಂಪನಿಯ ಕಡೆಯಿಂದ ತಡವಾಗಿ ಕನೆಕ್ಷನ್ ತಪ್ಪಿದರೆ ಮುಂದಿನ ಫ್ಲೈಟಿಗೆ ನಿಮ್ಮಿಂದ ಒಂದು ರೂಪಾಯಿಯೂ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಎರಡು ಬೇರೆ ಟಿಕೆಟ್ ಆದರೆ ಆ ಹೊಣೆ ನಿಮ್ಮ ತಲೆಗೆ ಬರುತ್ತದೆ. ಏಜೆಂಟ್ ಹತ್ತಿರ ಟಿಕೆಟ್ ಮಾಡಿಸುವಾಗ ಬಾಯಿಬಿಟ್ಟು ಕೇಳಿ: "ಒಂದೇ ಪಿಎನ್‌ಆರ್, ಒಂದೇ ಟಿಕೆಟ್ ನಂಬರಾ? ಲಗೇಜ್ ಟ್ಯಾಗ್ ಮಂಗಳೂರಿನವರೆಗೆ ಬೀಳುತ್ತದಾ?" ಅಗ್ಗದ ಆ್ಯಪ್‌ಗಳಲ್ಲಿ 'ಸೆಲ್ಫ್ ಟ್ರಾನ್ಸ್‌ಫರ್' ಅಂತ ಬರೆದಿದ್ದರೆ ಅದು ಬೇರೆ ಬೇರೆ ಟಿಕೆಟ್ ಅಂತಲೇ ಅರ್ಥ. ಎರಡು-ಮೂರು ಸಾವಿರ ಉಳಿಯುತ್ತದೆ ಅಂತ ಅದನ್ನು ತೆಗೆದುಕೊಳ್ಳುವವರು ತುಂಬ ಜನ. ಒಬ್ಬರೇ ಇದ್ದು ಗಟ್ಟಿಮುಟ್ಟಾಗಿದ್ದರೆ ಸರಿ, ಮಕ್ಕಳು ಅಥವಾ ವಯಸ್ಸಾದವರು ಜೊತೆಗಿದ್ದರೆ ನಾನಂತೂ ಬೇಡ ಅನ್ನುತ್ತೇನೆ.

ಬೇರೆ ಟಿಕೆಟ್ ತೆಗೆದುಕೊಳ್ಳಲೇಬೇಕಾದರೆ ನಡುವೆ ಸಮಯ ಇಡಿ. ಮುಂಬಯಿಯಲ್ಲಿ ಒಂದನೇ ಟರ್ಮಿನಲ್ ಮತ್ತು ಎರಡನೇ ಟರ್ಮಿನಲ್ ಅಕ್ಕಪಕ್ಕ ಇಲ್ಲ, ರಸ್ತೆಗೆ ಇಳಿದು ವಾಹನ ಹಿಡಿದೇ ಹೋಗಬೇಕು, ಅದೂ ಮುಂಬಯಿ ಟ್ರಾಫಿಕ್‌ನಲ್ಲಿ. ಬೆಂಗಳೂರಿನಲ್ಲೂ ಅಂತಾರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ, ಒಳನಾಡಿನವು ಕೆಲವು ಒಂದನೆಯದರಿಂದ. ಹೊರದೇಶದಿಂದ ಬಂದು ಭಾರತದಲ್ಲಿ ಮೊದಲು ಇಳಿಯುವ ಕಡೆ ಸಾಮಾನ್ಯವಾಗಿ ಲಗೇಜ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕಾಗುತ್ತದೆ, ಟ್ಯಾಗ್ ಮಂಗಳೂರಿಗೇ ಇದ್ದರೂ ಸಹ. ನನ್ನ ಲೆಕ್ಕದಲ್ಲಿ ಕನಿಷ್ಠ ಐದು ಗಂಟೆ ಬೇಕು. ಮತ್ತೆ, ಮಂಗಳೂರಿಗೆ ಆ ದಿನದ ಕೊನೇ ಫ್ಲೈಟಿಗೆ ಕನೆಕ್ಷನ್ ಇಡಬೇಡಿ. ಅದು ತಪ್ಪಿದರೆ ರಾತ್ರಿ ಅಲ್ಲೇ ಕಳೆಯಬೇಕು.

ಸರಿ, ಕನೆಕ್ಷನ್ ತಪ್ಪಿಯೇ ಹೋಯಿತು ಅಂತ ಇಟ್ಟುಕೊಳ್ಳಿ. ಈಗ ಏನು?

ಅಕ್ಕನ ಕಥೆಯಾಗಿ ಕೆಲವು ತಿಂಗಳಿಗೆ ನಾನೇ ಮಂಗಳೂರಿನಿಂದ ಮುಂಬಯಿ ಮೇಲೆ ಮಸ್ಕತ್‌ಗೆ ಹೊರಟಿದ್ದೆ. ಈ ಸಲ ಒಂದೇ ಟಿಕೆಟ್. ಬಜಪೆಯಲ್ಲೇ ವಿಮಾನದ ಏನೋ ತಾಂತ್ರಿಕ ತೊಂದರೆ ಅಂತ ನಾಲ್ಕು ಗಂಟೆ ಕೂರಿಸಿದರು. ಮುಂಬಯಿ ಮುಟ್ಟುವಾಗ ರಾತ್ರಿ ಹತ್ತು, ಮಸ್ಕತ್ ಫ್ಲೈಟ್ ಹೋಗಿ ಆಗಿತ್ತು. ನಮ್ಮ ಹಾಗೆ ಕನೆಕ್ಷನ್ ತಪ್ಪಿದವರು ಒಂಬತ್ತು ಜನ ಕೌಂಟರ್ ಮುಂದೆ ನಿಂತೆವು. ಅಲ್ಲಿದ್ದ ಹುಡುಗಿ ನಾಳೆ ಬೆಳಿಗ್ಗೆಯ ಫ್ಲೈಟಿಗೆ ಹಾಕಿಕೊಟ್ಟು, ಹೊಸ ಬೋರ್ಡಿಂಗ್ ಪಾಸ್ ಕೈಗಿಟ್ಟು, "ಆಯ್ತು ಸರ್" ಅಂದಳು. ಮುಂದೆ ಇದ್ದ ನಾಲ್ಕು ಜನ ಥ್ಯಾಂಕ್ಸ್ ಹೇಳಿ ಹೋಗಿ ಕುರ್ಚಿಯ ಮೇಲೆ ಮಲಗಿದರು. ನಾನು ಹೋಗಲಿಲ್ಲ. "ರಾತ್ರಿಗೆ ರೂಮ್ ಮತ್ತು ಊಟದ ವ್ಯವಸ್ಥೆ ಯಾರು ಮಾಡುತ್ತಾರೆ, ಮ್ಯಾನೇಜರ್ ಹತ್ತಿರ ಮಾತಾಡಬೇಕು" ಅಂದೆ. ಗಲಾಟೆ ಮಾಡಲಿಲ್ಲ, ದನಿ ಎತ್ತರಿಸಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಹಳದಿ ಬಣ್ಣದ ಒಂದು ಚೀಟಿ ಬಂತು: ಹೋಟೆಲಿನ ಹೆಸರು, ಒಂದು ಊಟ, ಒಂದು ತಿಂಡಿ, ಹೋಗಿ ಬರುವ ಗಾಡಿ. ನಾನು ಕುರ್ಚಿಯ ಮೇಲೆ ಮಲಗಿದ್ದವರನ್ನು ಎಬ್ಬಿಸಿ ಕರೆದುಕೊಂಡು ಬಂದೆ, ಅವರಿಗೂ ಸಿಕ್ಕಿತು. ಅದರಲ್ಲಿ ಒಬ್ಬರು ಕಾರ್ಕಳದ ಕಡೆಯ ಹಿರಿಯರು, ಮಗಳ ಹೆರಿಗೆಗೆ ಹೊರಟವರು. ಕೇಳಬಹುದು ಅಂತಲೇ ಅವರಿಗೆ ಗೊತ್ತಿರಲಿಲ್ಲ ಮಾರಾಯ್ರೇ.

ಹಾಗಾಗಿ ಕೌಂಟರ್‌ನಲ್ಲಿ ಕೇಳಬೇಕಾದ್ದನ್ನು ಕೇಳದೆ ಜಾಗ ಬಿಡಬೇಡಿ. ಮೊದಲು ಮುಂದಿನ ಫ್ಲೈಟ್. ಅವರು ಹೇಳಿದ್ದೇ ಕೊನೆಯಲ್ಲ, ಫೋನ್‌ನಲ್ಲಿ ನೀವೂ ಹುಡುಕಿ ನೋಡಿ, ಬೇಗ ಹೋಗುವ ಬೇರೆ ದಾರಿ ಕಂಡರೆ ತೋರಿಸಿ. ಬೆಂಗಳೂರಿನ ಮೇಲೆ ಮಂಗಳೂರು ಬೇಗ ಆಗಬಹುದು. ಕಣ್ಣೂರಿಗೆ ಹೋಗುವುದು ನಿಮಗೆ ಒಪ್ಪಿಗೆಯಾದರೆ ಅದನ್ನೂ ಹೇಳಿ. ಆಮೇಲೆ ಊಟ-ತಿಂಡಿ, ರಾತ್ರಿಯಾದರೆ ರೂಮು. ಆಮೇಲೆ ಲಗೇಜ್ ಎಲ್ಲಿದೆ, ಹೊಸ ಫ್ಲೈಟಿಗೆ ಹೋಗುತ್ತದಾ ಅಂತ ಟ್ಯಾಗ್ ತೋರಿಸಿ ಖಚಿತ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಕಾಗದ. ವಿಮಾನ ಎಷ್ಟು ತಡವಾಯಿತು, ಯಾಕೆ ತಡವಾಯಿತು ಅಂತ ಕಂಪನಿಯ ಕಡೆಯಿಂದ ಬರಹದಲ್ಲಿ ಕೇಳಿ. ಇದನ್ನು ಡಿಲೇ ಸರ್ಟಿಫಿಕೇಟ್ ಅನ್ನುತ್ತಾರೆ. ಆಗಲೇ ಕೊಡದಿದ್ದರೆ ಮನೆಗೆ ಬಂದ ಮೇಲೆ ವೆಬ್‌ಸೈಟ್‌ನಲ್ಲೋ ಮೇಲ್‌ನಲ್ಲೋ ಕೇಳಿ. 'ಯಾಕೆ' ಅನ್ನುವುದರ ಮೇಲೆ ಮುಂದೆ ದುಡ್ಡು ಸಿಗುವುದು ಬಿಡುವುದು ನಿಂತಿದೆ. ಮಳೆ ಅಂದರೆ ಒಂದು ದಾರಿ, ಸಿಬ್ಬಂದಿ ಇಲ್ಲ ಅಥವಾ ತಾಂತ್ರಿಕ ದೋಷ ಅಂದರೆ ಇನ್ನೊಂದು ದಾರಿ. ಬೋರ್ಡಿಂಗ್ ಪಾಸ್ ಹರಿದು ಬಿಸಾಡಬೇಡಿ. ಲಗೇಜ್ ಟ್ಯಾಗ್, ಕಂಪನಿ ಕಳಿಸಿದ ಮೆಸೇಜ್, ಏರ್‌ಪೋರ್ಟ್‌ನ ಬೋರ್ಡಿನ ಫೋಟೋ, ಟ್ಯಾಕ್ಸಿ ಬಿಲ್, ನೀವು ತಿಂದ ಇಡ್ಲಿಯ ಬಿಲ್ ಕೂಡ, ಎಲ್ಲ ಫೋಟೋ ತೆಗೆದು ಮನೆಯವರ ವಾಟ್ಸ್‌ಆ್ಯಪ್‌ಗೆ ಕಳಿಸಿಬಿಡಿ. ಫೋನ್ ಕಳೆದರೂ ಅಲ್ಲಿ ಉಳಿಯುತ್ತದೆ.

ಈಗ ನಿಯಮ ಏನು ಹೇಳುತ್ತದೆ ಅಂತ ನೋಡೋಣ. ಇಲ್ಲಿ ಜನ ಒಂದು ತಪ್ಪು ತಿಳಿದುಕೊಂಡಿದ್ದಾರೆ. ಭಾರತದಲ್ಲಿ ವಿಮಾನ ತಡವಾದ ಮಾತ್ರಕ್ಕೆ ಇಷ್ಟು ಸಾವಿರ ಪರಿಹಾರ ಅಂತ ನಿಗದಿಯಾಗಿಲ್ಲ. ಡಿಜಿಸಿಎ, ಅಂದರೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಲ್ಲಿ ತಡಕ್ಕೆ ಸಿಗುವುದು ಊಟ, ಬದಲಿ ಫ್ಲೈಟ್ ಅಥವಾ ದುಡ್ಡು ವಾಪಸ್, ಮತ್ತು ಕೆಲವು ಸಲ ಹೋಟೆಲ್. ಎರಡೂವರೆ ಗಂಟೆಯೊಳಗಿನ ಹಾರಾಟವಾದರೆ 2 ಗಂಟೆ ತಡವಾದಾಗಲೇ ಊಟ-ತಿಂಡಿ ಕೊಡಬೇಕು. ಎರಡೂವರೆಯಿಂದ ಐದು ಗಂಟೆಯ ಹಾರಾಟಕ್ಕೆ 3 ಗಂಟೆ ತಡ, ಅದಕ್ಕಿಂತ ಉದ್ದದ್ದಕ್ಕೆ 4 ಗಂಟೆ. ಮಂಗಳೂರು–ಮುಂಬಯಿ, ಮಂಗಳೂರು–ಬೆಂಗಳೂರು ಎರಡೂ ಮೊದಲನೆಯದರಲ್ಲಿ ಬರುತ್ತವೆ. ಒಳನಾಡಿನ ವಿಮಾನ 6 ಗಂಟೆಗಿಂತ ಜಾಸ್ತಿ ತಡ ಅಂತಾದರೆ ಬದಲಿ ಫ್ಲೈಟ್ ಅಥವಾ ಪೂರ್ತಿ ಹಣ, ಯಾವುದು ಬೇಕು ಅಂತ ಆರಿಸುವುದು ನೀವು. 24 ಗಂಟೆ ಮೀರಿದರೆ ಹೋಟೆಲ್. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ 6 ಗಂಟೆಗಿಂತ ಜಾಸ್ತಿ ತಡವಾದರೂ ಹೋಟೆಲ್. ಇವೆಲ್ಲ ನೀವು ಸಮಯಕ್ಕೆ ಸರಿಯಾಗಿ ಚೆಕ್-ಇನ್ ಆಗಿದ್ದರೆ ಮಾತ್ರ. ಮೂಲ್ಕಿಯಲ್ಲೋ ಸುರತ್ಕಲ್‌ನಲ್ಲೋ ಟ್ರಾಫಿಕ್‌ಗೆ ಸಿಕ್ಕಿ ನೀವೇ ತಡವಾದರೆ ಕಂಪನಿಯನ್ನು ಕೇಳುವ ಹಾಗಿಲ್ಲ.

ದುಡ್ಡಿನ ಪರಿಹಾರ ಬರುವುದು ವಿಮಾನ ರದ್ದಾದಾಗ ಮತ್ತು ಖಚಿತ ಟಿಕೆಟ್ ಇದ್ದೂ ಹತ್ತಿಸದೆ ಬಿಟ್ಟಾಗ. ಎರಡು ವಾರ ಮೊದಲೇ ತಿಳಿಸಿದರೆ ಪರಿಹಾರವಿಲ್ಲ, ಬದಲಿ ಫ್ಲೈಟ್ ಅಥವಾ ಹಣ ವಾಪಸ್ ಮಾತ್ರ. ನಿಯಮದ ಪ್ರಕಾರ ತಿಳಿಸದೆ ರದ್ದು ಮಾಡಿದರೆ ಒಂದು ಗಂಟೆಯ ಹಾರಾಟಕ್ಕೆ ₹5,000, ಒಂದರಿಂದ ಎರಡು ಗಂಟೆಯದ್ದಕ್ಕೆ ₹7,500, ಎರಡು ಗಂಟೆ ಮೀರಿದ್ದಕ್ಕೆ ₹10,000, ಅಥವಾ ನಿಮ್ಮ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇದರಲ್ಲಿ ಯಾವುದು ಕಡಿಮೆಯೋ ಅದು. ಮುಂಬಯಿಯ ಫ್ಲೈಟ್ ಅಂದರೆ ₹7,500ರ ಲೆಕ್ಕ. ಇದೇ ರದ್ದತಿಯ ಭಾಗದಲ್ಲಿ ಒಂದೇ ಟಿಕೆಟ್ ನಂಬರಿನಲ್ಲಿ ಬುಕ್ ಆದ ಕನೆಕ್ಟಿಂಗ್ ಫ್ಲೈಟ್ ತಪ್ಪಿದವರ ಮಾತೂ ಬರುತ್ತದೆ. ನೋಡಿ, ಟಿಕೆಟ್ ನಂಬರ್ ಮತ್ತೆ ಇಲ್ಲಿಗೇ ಬಂತು. ಮಂಗಳೂರು–ಮುಂಬಯಿ ಫ್ಲೈಟ್ ರದ್ದಾಗಿ ಮಸ್ಕತ್ ತಪ್ಪಿದರೆ ನಿಮ್ಮ ಮೇಲ್‌ನಲ್ಲಿ ಈ ಮಾತನ್ನು ತಪ್ಪದೆ ಬರೆಯಿರಿ.

ಹತ್ತಿಸದೆ ಬಿಟ್ಟರೆ, ಅಂದರೆ ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿ ನಿಮ್ಮನ್ನು ಹೊರಗೆ ನಿಲ್ಲಿಸಿದರೆ, ಪರಿಹಾರ ಇನ್ನೂ ಜಾಸ್ತಿ. ಒಂದು ಗಂಟೆಯೊಳಗೆ ಬೇರೆ ಫ್ಲೈಟ್ ಕೊಟ್ಟರೆ ಏನೂ ಇಲ್ಲ. 24 ಗಂಟೆಯೊಳಗೆ ಕೊಟ್ಟರೆ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ₹10,000ದ ಮಿತಿಯಲ್ಲಿ. ಅದಕ್ಕಿಂತ ತಡವಾದರೆ ನಾಲ್ಕು ಪಟ್ಟು, ₹20,000ದ ಮಿತಿಯಲ್ಲಿ. ಬೇರೆ ಫ್ಲೈಟ್ ಬೇಡ ಅಂದರೆ ಟಿಕೆಟ್ ಹಣ ಪೂರ್ತಿ ವಾಪಸ್, ಜೊತೆಗೆ ಈ ನಾಲ್ಕು ಪಟ್ಟು.

ಬುಕ್ ಮಾಡುವಾಗ ನಿಮ್ಮದೇ ಫೋನ್ ನಂಬರ್ ಕೊಡಿ. ಏಜೆಂಟ್ ತನ್ನ ನಂಬರ್ ಹಾಕಿದರೆ ರದ್ದಾದ ಮೆಸೇಜ್ ಅವನಿಗೆ ಹೋಗುತ್ತದೆ, ಸರಿಯಾದ ಸಂಪರ್ಕ ಕೊಡದವರಿಗೆ ಪರಿಹಾರವಿಲ್ಲ ಅಂತ ನಿಯಮದಲ್ಲೇ ಇದೆ.

ಇನ್ನು ಮಳೆ. ನಮ್ಮ ಬಜಪೆಯ ಏರ್‌ಪೋರ್ಟ್ ಗುಡ್ಡದ ತಲೆಯ ಮೇಲಿದೆ, ಟೇಬಲ್‌ಟಾಪ್ ರನ್‌ವೇ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ಮೋಡ ಇಳಿದು ಕೂತರೆ ಪೈಲಟ್‌ಗೆ ರನ್‌ವೇ ಕಾಣುವುದಿಲ್ಲ, ಸುತ್ತು ಹೊಡೆದು ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ತಿರುಗಿಸುತ್ತಾರೆ. 2010ರ ಮೇ 22ರ ವಿಮಾನ ದುರಂತ ಕಂಡ ಊರು ನಮ್ಮದು, ಇದಕ್ಕೆ ಯಾರೂ ಬೇಸರ ಮಾಡಬಾರದು. ಹವಾಮಾನ, ಮುಷ್ಕರ, ಏರ್ ಟ್ರಾಫಿಕ್ ಕಂಟ್ರೋಲ್‌ನ ತಡೆ, ಭದ್ರತೆಯ ಕಾರಣ ಇವಕ್ಕೆಲ್ಲ ದುಡ್ಡಿನ ಪರಿಹಾರ ಇಲ್ಲ. ಆದರೆ ಮಳೆ ಅಂದ ಕೂಡಲೇ ಎಲ್ಲ ಹೊಣೆಯೂ ತೊಳೆದು ಹೋಗುವುದಿಲ್ಲ. ದೆಹಲಿ–ಹೈದರಾಬಾದ್ ವಿಮಾನವೊಂದು ಮಂಜಿನಿಂದ ತಡವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಇದನ್ನು ಬಿಡಿಸಿ ಹೇಳಿದೆ: ಮಂಜಿಗೆ ಕಂಪನಿ ಹೊಣೆಯಲ್ಲ, ಆದರೆ ಕಾಯುವ ಪ್ರಯಾಣಿಕರನ್ನು ಕನಿಷ್ಠ ಮಟ್ಟಿಗಾದರೂ ನೋಡಿಕೊಳ್ಳಬೇಕು, ಕಡಿಮೆ ದರದ ಕಂಪನಿ ಅನ್ನುವುದು ಅದಕ್ಕೆ ನೆಪವಲ್ಲ. ಇನ್ನೊಂದು ವಿಷಯ ಗಮನಿಸಿ. ಬೆಳಿಗ್ಗೆ ಮಳೆ ಬಂದು ನಿಂತಿದೆ, ಬೇರೆ ಕಂಪನಿಯ ವಿಮಾನಗಳು ಇಳಿಯುತ್ತಿವೆ, ನಿಮ್ಮದು ಮಾತ್ರ ಸಂಜೆಯವರೆಗೆ ಇಲ್ಲ ಅಂತಾದರೆ ಕಾರಣ ಬೇರೆ ಇರಬಹುದು. ಆ ಹೊತ್ತಿಗೆ ಬಜಪೆಯಲ್ಲಿ ಇಳಿದ, ಹಾರಿದ ವಿಮಾನಗಳ ಪಟ್ಟಿ ಫೋನ್‌ನಲ್ಲೇ ಸಿಗುತ್ತದೆ, ಸ್ಕ್ರೀನ್‌ಶಾಟ್ ತೆಗೆದಿಡಿ.

ವಿಮಾನ ಬೆಂಗಳೂರಿಗೆ ತಿರುಗಿದಾಗ "ಸಾಕು, ನಾನು ಬಸ್ಸಲ್ಲಿ ಹೋಗುತ್ತೇನೆ" ಅಂತ ಇಳಿದು ಹೋಗುವವರಿದ್ದಾರೆ. ಹೋಗುವುದಾದರೆ ಕಂಪನಿಗೆ ಹೇಳಿ, ಲಗೇಜ್ ತೆಗೆದುಕೊಂಡು, ಯಾಕೆ ಹೋಗುತ್ತಿದ್ದೇನೆ ಅಂತ ಒಂದು ಮೇಲ್ ಹಾಕಿ ಹೋಗಿ. ಸುಮ್ನೆ ಹೋದರೆ ನೀವಾಗಿಯೇ ಪ್ರಯಾಣ ಬಿಟ್ಟಿರಿ ಅಂತ ಬರೆದುಕೊಳ್ಳುತ್ತಾರೆ.

ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಇನ್ನೊಂದು ಬಲವಾದ ಕಾನೂನಿದೆ, ಅದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಮಾಂಟ್ರಿಯಲ್ ಒಪ್ಪಂದ. ಭಾರತ 2009ರಲ್ಲಿ ಸೇರಿತು, ನಮ್ಮ ವಿಮಾನ ಸಾಗಣೆ ಕಾಯ್ದೆಯಲ್ಲೇ ಅದು ಸೇರಿಕೊಂಡಿದೆ. ಗಲ್ಫ್ ದೇಶಗಳೂ ಅದರಲ್ಲಿವೆ. ವಿಮಾನ ತಡವಾಗಿ ನಿಮಗೆ ನಷ್ಟವಾದರೆ ಕಂಪನಿ ಆ ನಷ್ಟ ತುಂಬಬೇಕು, ತಡ ತಪ್ಪಿಸಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆವು ಅಂತ ಕಂಪನಿಯೇ ಸಾಬೀತು ಮಾಡಿದರೆ ಮಾತ್ರ ಬಚಾವ್. ಅಂದರೆ ಸಾಬೀತು ಮಾಡುವ ಭಾರ ಅವರ ಮೇಲೆ. ಒಪ್ಪಂದದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ 6,303 ಎಸ್‌ಡಿಆರ್. ಎಸ್‌ಡಿಆರ್ ಅನ್ನುವುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ. ಅದು ಮಿತಿ ಅಷ್ಟೇ, ಎಲ್ಲರಿಗೂ ಅಷ್ಟು ಸಿಗುವುದಿಲ್ಲ. ನಿಮಗೆ ನಿಜವಾಗಿ ಎಷ್ಟು ಖರ್ಚಾಯಿತೋ, ಬಿಲ್ ತೋರಿಸಿದಷ್ಟು. ಅದಕ್ಕೇ ಇಡ್ಲಿಯ ಬಿಲ್ ಕೂಡ ಇಟ್ಟುಕೊಳ್ಳಿ ಅಂದದ್ದು.

ಬೇರೆ ಬೇರೆ ಟಿಕೆಟ್ ತೆಗೆದವರಿಗೆ ಉಳಿದಿರುವ ಒಂದು ಕಿಟಕಿ ಇದೇ. ಎರಡನೆಯ ಕಂಪನಿ ಏನೂ ಕೊಡಬೇಕಾಗಿಲ್ಲ, ನಿಜ. ಆದರೆ ತಡ ಮಾಡಿದ ಮೊದಲನೆಯ ಕಂಪನಿಯ ಹತ್ತಿರ, ನಿಮ್ಮ ತಡದಿಂದ ನನಗೆ ಈ ಹೊಸ ಟಿಕೆಟಿನ ಖರ್ಚು ಬಿತ್ತು ಅಂತ ಕೇಳಬಹುದು. ಗೆಲ್ಲುವುದು ಸ್ವಲ್ಪ ಕಷ್ಟ, ನಡುವೆ ಸಾಕಷ್ಟು ಸಮಯ ಇಟ್ಟಿದ್ದಿರಾ ಅಂತ ಕೇಳುತ್ತಾರೆ. ಆದರೂ ಕೇಳಬೇಕು. ಲಗೇಜ್ ತಡವಾದರೆ ಅದು ಕೈಗೆ ಸಿಕ್ಕಿ 21 ದಿನದೊಳಗೆ, ಒಡೆದು ಬಂದರೆ 7 ದಿನದೊಳಗೆ ಬರಹದಲ್ಲಿ ದೂರು ಹೋಗಬೇಕು. ಕೋರ್ಟಿಗೆ ಹೋಗಲು 2 ವರ್ಷ.

ಯುರೋಪಿನಲ್ಲಿರುವ ನಮ್ಮವರಿಗೆ ಇದು ಬಹಳ ಸುಲಭ. ಜರ್ಮನಿ, ಐರ್ಲೆಂಡ್, ಇಟಲಿಯಲ್ಲಿ ಇರುವ ನರ್ಸ್‌ಗಳಿಗೆ, ಓದುವ ಮಕ್ಕಳಿಗೆ ಇದನ್ನು ಕಳಿಸಿ. ಯುರೋಪಿಯನ್ ಒಕ್ಕೂಟದ 261/2004 ನಿಯಮದಂತೆ ಅಲ್ಲಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೂ ಪರಿಹಾರ ಉಂಟು. ಡಬ್ಲಿನ್‌ನಿಂದ ದುಬೈ, ದುಬೈಯಿಂದ ಬೆಂಗಳೂರು ಒಂದೇ ಬುಕಿಂಗ್‌ನಲ್ಲಿದ್ದು, ಮೊದಲನೆಯದು ತಡವಾಗಿ ದುಬೈಯಲ್ಲಿ ಕನೆಕ್ಷನ್ ತಪ್ಪಿ, ಕೊನೆಗೆ ಬೆಂಗಳೂರಿಗೆ ಮೂರು ಗಂಟೆಗಿಂತ ಜಾಸ್ತಿ ತಡವಾಗಿ ಇಳಿದರೆ 600 ಯೂರೋವರೆಗೆ. 3,500 ಕಿಲೋಮೀಟರ್ ಮೀರಿದ ದೂರದ ದರ ಅದು. ಮೊದಲ ಫ್ಲೈಟ್ ಎಷ್ಟು ತಡ ಅನ್ನುವುದು ಲೆಕ್ಕವಲ್ಲ, ಕೊನೆಯ ಊರಿಗೆ ಎಷ್ಟು ತಡ ಅನ್ನುವುದೇ ಲೆಕ್ಕ. ಕನೆಕ್ಷನ್ ಯುರೋಪಿನ ಹೊರಗೆ ತಪ್ಪಿದರೂ ನಿಯಮ ಅನ್ವಯಿಸುತ್ತದೆ ಅಂತ ಅಲ್ಲಿನ ನ್ಯಾಯಾಲಯ 2018ರಲ್ಲಿ ಹೇಳಿದೆ. ಮಾಮೂಲಿ ತಾಂತ್ರಿಕ ದೋಷವನ್ನು ಅಲ್ಲಿ ನೆಪವಾಗಿ ಒಪ್ಪುವುದಿಲ್ಲ. ಆದರೆ ಇಲ್ಲಿಂದ ಅಲ್ಲಿಗೆ ಹೋಗುವಾಗ ಯುರೋಪಿನ ಕಂಪನಿಯ ವಿಮಾನ ಆದರೆ ಮಾತ್ರ ಈ ಹಕ್ಕು. ಗಲ್ಫ್ ಕಂಪನಿಯಲ್ಲಿ ಹೋದರೆ ಇಲ್ಲ. ಬ್ರಿಟನ್‌ಗೆ ಇದೇ ಥರದ ಅವರದ್ದೇ ನಿಯಮ, ದೂರದ ಹಾರಾಟಕ್ಕೆ 520 ಪೌಂಡ್‌ವರೆಗೆ.

ರೈಲು ತಡವಾಗಿ ವಿಮಾನ ತಪ್ಪುವುದೂ ನಮ್ಮಲ್ಲಿ ಉಂಟಲ್ಲ, ಉಡುಪಿಯಲ್ಲಿ ಮತ್ಸ್ಯಗಂಧ ಹತ್ತಿ ಮುಂಬಯಿಗೆ ಹೋಗಿ ಅಲ್ಲಿಂದ ಗಲ್ಫ್‌ಗೆ ಹೋಗುವವರು ಈಗಲೂ ಇದ್ದಾರೆ. ವಿಮಾನ ಕಂಪನಿ ಇದಕ್ಕೆ ಹೊಣೆಯಲ್ಲ, ಆದರೆ ರೈಲ್ವೆಯನ್ನು ಕೇಳಬಹುದು. ಅಜ್ಮೇರ್–ಜಮ್ಮು ರೈಲು ನಾಲ್ಕು ಗಂಟೆ ತಡವಾಗಿ ಒಂದು ಕುಟುಂಬದ ಶ್ರೀನಗರ ವಿಮಾನ ತಪ್ಪಿತ್ತು. ಟ್ಯಾಕ್ಸಿಗೆ ₹15,000, ಬುಕಿಂಗ್ ಖರ್ಚಿಗೆ ₹10,000, ಮನಸ್ಸಿಗಾದ ತೊಂದರೆ ಮತ್ತು ಕೇಸಿನ ಖರ್ಚಿಗೆ ತಲಾ ₹5,000 ಕೊಡಬೇಕು ಅನ್ನುವ ತೀರ್ಪನ್ನು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ತಡ ಯಾಕಾಯಿತು ಅಂತ ರೈಲ್ವೆ ಸರಿಯಾದ ಕಾರಣ ತೋರಿಸಲಿಲ್ಲ, ಅದಕ್ಕೇ ಸೋತಿತು. ಹಾಗಂತ ಮಳೆಗಾಲದಲ್ಲಿ ಕೊಂಕಣ ರೈಲು ನಂಬಿ ಅದೇ ದಿನದ ವಿಮಾನ ಇಡಬೇಡಿ. ಆಗ ಅಲ್ಲಿ ರೈಲುಗಳು ನಿಧಾನವಾಗಿಯೇ ಓಡುವುದು, ವೇಳಾಪಟ್ಟಿಯೇ ಬೇರೆ. ಒಂದು ದಿನ ಮೊದಲೇ ಹೋಗಿ.

ಊರಿಗೆ ಮುಟ್ಟಿದ ಮೇಲಿನ ಕೆಲಸ. ವಾರದೊಳಗೆ ಕಂಪನಿಗೆ ಮೇಲ್ ಹಾಕಿ. ಇಂಗ್ಲಿಷ್‌ನಲ್ಲಿ, ಹತ್ತು ಸಾಲು ಸಾಕು. ಪಿಎನ್‌ಆರ್, ಟಿಕೆಟ್ ನಂಬರ್, ತಾರೀಕು, ಎಷ್ಟು ಗಂಟೆಗೆ ಇಳಿಯಬೇಕಿತ್ತು, ಎಷ್ಟು ಗಂಟೆಗೆ ಇಳಿಯಿತು, ಯಾವ ಫ್ಲೈಟ್ ತಪ್ಪಿತು, ಕೌಂಟರ್‌ನಲ್ಲಿ ಏನು ಹೇಳಿದರು, ಎಷ್ಟು ಖರ್ಚಾಯಿತು, ಎಷ್ಟು ಕೊಡಬೇಕು, ಯಾವ ದಿನದೊಳಗೆ. ಸಿಟ್ಟು, ಬೈಗುಳ ಬೇಡ. ಮೊತ್ತವನ್ನು ಅಂಕಿಯಲ್ಲಿ ಬರೆಯಿರಿ, "ಸೂಕ್ತ ಪರಿಹಾರ ಕೊಡಿ" ಅಂತ ಬರೆದರೆ ಒಂದು ಕ್ಷಮಾಪಣೆಯ ಮೇಲ್ ಬಂದು ಮುಗಿಯುತ್ತದೆ. ವೋಚರ್ ಕೊಡುತ್ತೇವೆ ಅಂದರೆ ಕೂಡಲೇ ಒಪ್ಪಬೇಡಿ. ಒಪ್ಪಿದರೆ ಎಲ್ಲ ತೀರಿತು ಅನ್ನುವ ಸಾಲು ಅದರಲ್ಲಿ ಇರುತ್ತದಾ ಅಂತ ಓದಿ. ಉತ್ತರ ಬರದಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಲ್ ಅಧಿಕಾರಿ, ಅವರ ಮೇಲಿನ ಅಪೀಲು ಅಧಿಕಾರಿ ಅಂತ ಇರುತ್ತಾರೆ, ಅವರಿಗೆ ಕಳಿಸಿ. ಜೊತೆಗೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ದಾಖಲಿಸಿ. ನನ್ನ ಅನುಭವದಲ್ಲಿ ಮೇಲ್‌ಗೆ ಬಾರದ ಉತ್ತರ ಏರ್‌ಸೇವಾಕ್ಕೆ ಹಾಕಿದ ಮೇಲೆ ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು.

ಒಂದು ತಿಂಗಳು ಕಾದು ಆಗದಿದ್ದರೆ ಗ್ರಾಹಕರ ಆಯೋಗ. ಇದಕ್ಕೆ ದೆಹಲಿಗೋ ಮುಂಬಯಿಗೋ ಹೋಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಉಡುಪಿಯವರು ಉಡುಪಿಯಲ್ಲಿ, ಮಂಗಳೂರಿನವರು ಮಂಗಳೂರಿನಲ್ಲಿ. ಟಿಕೆಟಿಗೆ ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ನೀವೇ ವಾದ ಮಾಡಬಹುದು. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕುವ ವ್ಯವಸ್ಥೆ ಇದೆ. ಗಡುವು 2 ವರ್ಷ. ಇನ್ನೊಂದು ದಾರಿ ಕಾಯಂ ಲೋಕ ಅದಾಲತ್. ವಿಮಾನ ಸೇವೆ ಸಾರ್ವಜನಿಕ ಉಪಯುಕ್ತ ಸೇವೆಯಲ್ಲಿ ಬರುತ್ತದೆ, ಹಾಗಾಗಿ ಅಲ್ಲೂ ಕೇಳಬಹುದು. ವ್ಯಾಜ್ಯವೆಲ್ಲ ದೆಹಲಿಯಲ್ಲೇ ನಡೆಯಬೇಕು ಅಂತ ಕಂಪನಿ ಟಿಕೆಟಿನ ಷರತ್ತಿನಲ್ಲಿ ಬರೆದುಕೊಂಡಿದ್ದರೂ ಅದು ಅಲ್ಲಿ ಅಡ್ಡ ಬರುವುದಿಲ್ಲ, ಆಗ ಹೇಳಿದ 2011ರ ತೀರ್ಪಿನಲ್ಲೇ ಇದೂ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಕೇಳಿ, ದಾರಿ ಹೇಳುತ್ತಾರೆ.

ಅಪ್ಪ-ಅಮ್ಮ ಮಾತ್ರ ಹೋಗುವುದಾದರೆ ಬುಕ್ ಮಾಡುವಾಗಲೇ ವೀಲ್‌ಚೇರ್ ಹಾಕಿಸಿ. ನಡೆಯಲು ಆಗುತ್ತದೆ ಅಂತ ಅಮ್ಮ ನಾಚಿಕೊಳ್ಳುತ್ತಾರೆ, ಗೊತ್ತು. ಮುಂಬಯಿಯಷ್ಟು ದೊಡ್ಡ ಏರ್‌ಪೋರ್ಟ್‌ನಲ್ಲಿ ಅದೆಷ್ಟು ದೂರ ನಡೆಯಬೇಕು, ಅದಲ್ಲದೆ ವೀಲ್‌ಚೇರ್ ಜೊತೆಗೆ ಒಬ್ಬರು ಸಿಬ್ಬಂದಿ ಇರುತ್ತಾರೆ, ಅವರೇ ಮುಂದಿನ ಗೇಟಿಗೆ ಕರೆದುಕೊಂಡು ಹೋಗುತ್ತಾರೆ. ಒಂದು ಚೀಟಿಯಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರೆದು ಪಾಸ್‌ಪೋರ್ಟ್ ಒಳಗೆ ಇಡಿ: ಪಿಎನ್‌ಆರ್, ಟಿಕೆಟ್ ನಂಬರ್, ನಿಮ್ಮ ಫೋನ್ ನಂಬರ್, ಮತ್ತು "ನನ್ನ ಕನೆಕ್ಷನ್ ತಪ್ಪಿದೆ, ಮುಂದಿನ ಫ್ಲೈಟ್, ಊಟ, ರೂಮ್ ಬೇಕು, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ". ನಾನು ಅಮ್ಮನಿಗೆ ಮಾಡಿಕೊಟ್ಟ ಚೀಟಿ ಈಗಲೂ ಅವಳ ಪಾಸ್‌ಪೋರ್ಟ್‌ನಲ್ಲಿದೆ.

ಅಕ್ಕನ ಹಣದ ಕಥೆ ಹೇಳಿಬಿಡುತ್ತೇನೆ. ಮೊದಲು ತಪ್ಪಿಹೋದ ಮಂಗಳೂರು ಟಿಕೆಟಿನ ತೆರಿಗೆ ಮತ್ತು ಏರ್‌ಪೋರ್ಟ್ ಶುಲ್ಕ ವಾಪಸ್ ಕೇಳಿದೆವು. ನೋ-ಶೋ ಆದರೂ, ಟಿಕೆಟ್ ಮೇಲೆ ನಾನ್-ರಿಫಂಡೆಬಲ್ ಅಂತ ಇದ್ದರೂ, ಪ್ರಯಾಣಿಕ ಬಳಸದ ಏರ್‌ಪೋರ್ಟ್ ಶುಲ್ಕ ಕಂಪನಿ ಇಟ್ಟುಕೊಳ್ಳುವಂತಿಲ್ಲ. ಅಷ್ಟೇನೂ ದೊಡ್ಡ ಮೊತ್ತವಲ್ಲ, ಆದರೆ ಹತ್ತು ದಿನದಲ್ಲಿ ಕಾರ್ಡಿಗೆ ಬಂತು. ಆಮೇಲೆ ತಡ ಮಾಡಿದ ಕುವೈಟ್ ಫ್ಲೈಟಿನ ಕಂಪನಿಗೆ ಬರೆದೆವು. ಮೊದಲು ಕ್ಷಮಾಪಣೆ ಬಂತು, ಆಮೇಲೆ ವೋಚರ್ ಬಂತು, ಅದನ್ನು ಬೇಡ ಅಂದೆವು, ಏರ್‌ಸೇವಾಕ್ಕೆ ಹಾಕಿದೆವು, ಉಡುಪಿ ಆಯೋಗಕ್ಕೆ ದೂರು ಬರೆದು ಅದರ ಪ್ರತಿಯನ್ನು ಮೇಲ್ ಮಾಡಿದೆವು. ಐದನೇ ತಿಂಗಳಲ್ಲಿ ₹16,000 ಬಂತು. ಅಕ್ಕ ಈ ವರ್ಷ ಮೇ ತಿಂಗಳಿಗೆ ಟಿಕೆಟ್ ಮಾಡಿಸಿದ್ದಾಳೆ. ಫೋಟೋ ಕಳಿಸಿದ್ದಳು, ದೊಡ್ಡದು ಮಾಡಿ ನೋಡಿದೆ. ಟಿಕೆಟ್ ನಂಬರ್ ಒಂದೇ ಇದೆ.